ಅಂಜುಬುರುಕಿ ಅಬಚಿ

ನಮ್ಮ ಅಬಚಿಯ ಬಲಗೈ ತೋರುಬೆರಳಿನ ಒಳಮಗ್ಗುಲಲ್ಲಿ ಒಂದು ಸಣ್ಣ ಗೀರು ಇತ್ತು. ಕೂದಲೆಳೆಗಿಂತ ತುಸು ದಪ್ಪ, ಚರ್ಮದೊಳಕ್ಕೆ ಕೊರೆದಿಟ್ಟಂಥದ್ದು. ಸಾರು ಬಡಿಸುವಾಗ, ದೇವರಿಗೆ ಹೂ ಕಟ್ಟುವಾಗ ಅದರಲ್ಲಿ ತಾಮ್ರದ ಮಂಕು ಬಣ್ಣ ಕಾಣುತ್ತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಪುಣೆಯ ಒಂದು ರೇಡಿಯೋ ಕಾರ್ಖಾನೆಯಲ್ಲಿ ತಾಮ್ರದ ತಂತಿಯ ಸುರುಳಿ ಸುತ್ತುವುದು ಅವಳ ಕೆಲಸ. ತಂತಿ ವರ್ಷಾನುಗಟ್ಟಲೆ ಆ ಬೆರಳಿನ ಮೇಲೇ ಜಾರಿ ಜಾರಿ ತನ್ನ ದಾರಿ ಮಾಡಿಕೊಂಡಿತ್ತು.

ಅಬಚಿ ಅಂದರೆ ನಮ್ಮ ಕಡೆ ತಾಯಿಯ ತಂಗಿ. ಮದುವೆಯಾಗಿ ವಿಜಾಪುರದಿಂದ ಪುಣೆಗೆ ಬಂದವಳು, ಕೆಲವೇ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡಳು. ಮಕ್ಕಳಿರಲಿಲ್ಲ. ಊರಿಗೆ ವಾಪಸ್ ಬಂದುಬಿಡು ಎಂದು ಮನೆಯವರು ಕರೆದರೆ, “ಅಷ್ಟು ದೂರ ರೈಲಿನಾಗ ಒಬ್ಬಾಕಿನ ಬರಲಿಕ್ಕೆ ಅಂಜಿಕಿ” ಅಂದಳಂತೆ. ಹೀಗೆ ಒಂದು ರೈಲು ಪ್ರಯಾಣಕ್ಕೆ ಹೆದರಿ ಉಳಿದ ಆಯುಷ್ಯವನ್ನೆಲ್ಲ ಪರಊರಿನಲ್ಲಿ ಒಂಟಿಯಾಗಿ ಕಳೆದ ಧೈರ್ಯವಂತೆಯನ್ನು ನಾನು ಬೇರೆ ಕಂಡಿಲ್ಲ. ಎಪ್ಪತ್ತರ ದಶಕದ ನಡುವೆ ನನಗೆ ಪುಣೆಯ ಆಫೀಸೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಕಸಬಾ ಪೇಠೆಯಲ್ಲಿ ಹಲವು ಸಂಸಾರಗಳು ವಾಸವಿದ್ದ ಹಳೆಯ ವಾಡೆಯಲ್ಲಿದ್ದ ಅವಳ ಒಂದೂವರೆ ಖೋಲಿಯ ಮನೆಗೆ ನಾನೂ ಟ್ರಂಕು ಹೊತ್ತು ಬಂದು ಸೇರಿಕೊಂಡೆ.

ಅವಳು ಹೆದರದ ವಸ್ತು ಯಾವುದಿತ್ತೋ ನನಗೆ ತಿಳಿಯದು. ಹಲ್ಲಿಗೆ, ತಂತಿ ತರುವ ಪೋಸ್ಟಿನವನಿಗೆ, ಪುಣೆಯ ಸೈಕಲ್ಲುಗಳಿಗೆ, ವಾಡೆಯ ಜಂತಿಗಳು ಕಿರುಗುಟ್ಟುವುದಕ್ಕೆ. ಲಕ್ಷ್ಮೀ ರಸ್ತೆ ದಾಟಬೇಕಾದರೆ ನನ್ನ ರಟ್ಟೆ ಬಿಗಿಯಾಗಿ ಹಿಡಿದು ಗೋವಿಂದ ಗೋವಿಂದ ಎನ್ನುತ್ತಿದ್ದಳು. ಬೀಗ ಹಾಕಿ ಮೆಟ್ಟಿಲು ಇಳಿದವಳು ಮತ್ತೆ ಹತ್ತಿ ಹೋಗಿ ಬೀಗಕ್ಕೆ ಜೋತುಬಿದ್ದು ನೋಡುತ್ತಿದ್ದಳು. ಬೀದಿಯ ತಿರುವಿಗೆ ಬರುವಷ್ಟರಲ್ಲಿ, “ಸ್ಟೋ ಆರಿಸೀನಲ್ಲ?” ಎಂದು ಕೇಳುತ್ತಿದ್ದಳು. ಪರಊರಿಗೆ ಹೊರಟರಂತೂ ಇಬ್ಬರ ರವಿಕೆಯೊಳಗೂ ವಿಳಾಸದ ಚೀಟಿಯನ್ನು ಪಿನ್ನಿನಿಂದ ಚುಚ್ಚುತ್ತಿದ್ದಳು. ಯಾಕೆ ಎಂದರೆ, “ಸಿಕ್ಕವರಿಗೆ ತಿಳೀಬೇಕಲ್ಲ, ಇವು ಯಾರ ಮನಿ ಹೆಣಾ ಅಂತ!”

ಮೊದಮೊದಲು ನಾನು ನಗುತ್ತಿದ್ದೆ. ಆದರೆ ಅಂಜಿಕೆ ಕೆಮ್ಮಿನ ಹಾಗೆ, ಒಂದೇ ಖೋಲಿಯಲ್ಲಿ ಮಲಗುವವರಿಗೆ ಹತ್ತಿಕೊಳ್ಳುತ್ತದೆ. ಆರು ತಿಂಗಳಲ್ಲಿ ನಾನೂ ಬೀಗಕ್ಕೆ ಜೋತುಬೀಳುವವಳಾದೆ.

ಇಂಥವಳಿಗೆ ಸಮುದ್ರದ ಹುಚ್ಚು ಹತ್ತಿದ್ದು ಕಾರ್ಖಾನೆಯ ಹೆಂಗಸರ ಜೊತೆ ಕೊಂಕಣಕ್ಕೆ ಟ್ರಿಪ್ ಹೋದಾಗ. ಅಲ್ಲಿ ದಂಡೆಯ ಮೇಲೆ ಮೀನು ಒಣಗಿಸುತ್ತಿದ್ದ ಒಬ್ಬ ಕೋಳಿಣಿಯ, ಅಂದರೆ ಮೀನುಗಾರರ ಹೆಂಗಸಿನ, ಕೊರಳಲ್ಲಿ ಕಪ್ಪಿಟ್ಟ ಬೆಳ್ಳಿ ನಾಣ್ಯ ಕಂಡಿತಂತೆ. ವಿಚಾರಿಸಿದರೆ, ಅಜ್ಜ ಮುತ್ತಜ್ಜರ ಕಾಲಕ್ಕೂ ಹಿಂದೆ ಅಲ್ಲೊಂದು ಹಡಗು ಒಡೆದಿತ್ತು, ದೊಡ್ಡ ಮಳೆಗಾಲದ ನಂತರ ಸಮುದ್ರ ಒಮ್ಮೊಮ್ಮೆ ಅದರ ನಾಣ್ಯಗಳನ್ನು ಉಸುಕಿಗೆ ತಂದು ಹಾಕುತ್ತದೆ ಎಂದಳು. ಉಳಿದವರು ಹೌದಾ ಎಂದು ಕೇಳಿ ಎಳನೀರು ಕುಡಿದು ಬಂದರು. ಅಬಚಿ ಅದನ್ನು ತಲೆಯಲ್ಲಿಟ್ಟುಕೊಂಡು ಬಂದಳು.

“ನಾಣ್ಯ ಸಿಕ್ಕರ ಏನ್ ಮಾಡತಿ?” ಎಂದು ಕೇಳಿದ್ದೆ.

“ಸರಕಾರಕ್ಕ ಕೊಟ್ಟು, ಕೈಮುಗದು ಬರೋದು. ಇಟ್ಟುಕೊಂಡರ ಪೊಲೀಸರು ಬರತಾರ.”

“ಮತ್ತ ಹುಡುಕೂದರ ಯಾಕ?”

ಅವಳು ಬೆರಳಿನ ಗೀರನ್ನು ಸವರಿಕೊಂಡಳು. “ಮುಂಜಾನಿಂದ ಸಂಜೀತನಕ ಸುರುಳಿ ಸುತ್ತತೀನಿ. ಒಯ್ಯತಾರ, ಡಬ್ಬ್ಯಾಗ ಹಾಕತಾರ, ಹಾಡು ಯಾರೋ ಕೇಳತಾರ. ನಾ ಸುತ್ತಿದ್ದು ಒಂದು ಸಲ ನನ್ನ ಕಿವ್ಯಾಗ ಹಾಡಬೇಕು ನೋಡು.”

ಕಾರ್ಖಾನೆಯ ಇಂಜಿನಿಯರರೊಬ್ಬರು, ಇದೇನು ವಿಚಿತ್ರ ಹೆಂಗಸು ಎಂದುಕೊಂಡೇ ಇರಬೇಕು, ಲೋಹ ಪತ್ತೆ ಮಾಡುವ ಯಂತ್ರದ ನಕ್ಷೆ ಬರೆದುಕೊಟ್ಟರು. ಕಸೂತಿ ಹಾಕುವ ಮರದ ಬಳೆಗೆ ಅವಳು ತಾನೇ ತಂತಿ ಸುತ್ತಿದಳು. ಸೊಳ್ಳೆಪರದೆಯ ಕೋಲು ಹಿಡಿಕೆಯಾಯಿತು. ಮಿಲಿಟರಿಯವರು ಮಾರಿದ್ದ ಹಳೆಯ ಹೆಡ್‌ಫೋನ್ ಹಳೆಯ ಸಾಮಾನು ಮಾರುವ ಜುನಾ ಬಾಜಾರಿನಲ್ಲಿ ಸಿಕ್ಕಿತು. ಒಂದು ಸಣ್ಣ ಟ್ರಾನ್ಸಿಸ್ಟರ್ ರೇಡಿಯೋ ಕೋಲಿಗೆ ಕಟ್ಟಿದಳು. ರೇಡಿಯೋದ ಮುಳ್ಳನ್ನು ಎರಡು ಸ್ಟೇಷನ್‌ಗಳ ನಡುವೆ ತಿರುಗಿಸಿದಾಗ ಒಂದು ಶಿಳ್ಳೆ ಕೇಳುತ್ತದಲ್ಲ, ಅಂಥದ್ದೇ ಶಿಳ್ಳೆ ಹೆಡ್‌ಫೋನಿನಲ್ಲಿ ಸದಾ ಸಣ್ಣಗೆ ಹಾಡುತ್ತಿರುತ್ತಿತ್ತು. ಬಳೆಯ ಕೆಳಗೆ ಕಬ್ಬಿಣ ಬಂದರೆ ಆ ದನಿ ಇಳಿಯುತ್ತಿತ್ತು, ತಾಮ್ರ ಬೆಳ್ಳಿ ಬಂದರೆ ಏರುತ್ತಿತ್ತು. ಒಂದೇ ತೊಂದರೆ, ಉಪ್ಪುನೀರು ಕುಡಿದ ಉಸುಕಿನ ಮೇಲೆ ಹಿಡಿದರೂ ದನಿ ಏರಿಬಿಡುತ್ತಿತ್ತು. ಒಣ ಉಸುಕಿನ ಮೇಲೆ ಮಾತ್ರ ಅದು ಬದಲಾಗದೆ ಒಂದೇ ಸಮನೆ ಇರುತ್ತಿತ್ತು. ಹೀಗಾಗಿ ಹಸಿ ಉಸುಕಿನಲ್ಲಿ ಅವಳು ಹೆಜ್ಜೆಹೆಜ್ಜೆಗೂ ಗುಂಡಿ ತಿರುಗಿಸಿ ಅದನ್ನು ಸಮಾಧಾನ ಮಾಡಬೇಕಾಗುತ್ತಿತ್ತು.

ಮನೆಯ ರೇಡಿಯೋಗೇ ಲೈಸೆನ್ಸ್ ಕಟ್ಟಬೇಕಾದ ಕಾಲ, ಮೇಲಾಗಿ ಎಮರ್ಜೆನ್ಸಿ. ಕಳ್ಳಸಾಗಣೆಯ ಬಂಗಾರ ಕೊಂಕಣದ ದಂಡೆಗೆ ಇಳಿಯುತ್ತದೆ ಎಂದು ಪೇಪರಿನಲ್ಲಿ ದಿನವೂ ಬರುತ್ತಿತ್ತು. ಆದ್ದರಿಂದ ಯಂತ್ರವನ್ನು ಬಿಚ್ಚಿ, ಹಳೆಯ ಸೀರೆಯಲ್ಲಿ ಸುತ್ತಿ, ಹಾಸಿಗೆಯೊಳಗೆ ಅಡಗಿಸಿ, ಸ್ವಾರಗೇಟಿನಲ್ಲಿ ಎಸ್‌ಟಿ ಬಸ್ಸು ಹತ್ತುತ್ತಿದ್ದೆವು. ಘಟ್ಟದ ತಿರುವುಗಳಲ್ಲಿ ಅಬಚಿ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ನಾನು ಅವಳ ಕೈ ಹಿಡಿದು ಕಣ್ಣು ಮುಚ್ಚಿರುತ್ತಿದ್ದೆ. ಕಂಡಕ್ಟರನಿಗೆ ನಗು ತಡೆಯಲಾಗುತ್ತಿರಲಿಲ್ಲ.

ಹೆಡ್‌ಫೋನ್ ಹಾಕಿಕೊಂಡರೆ ಹೊರಗಿನ ಒಂದು ಸದ್ದೂ ಕೇಳುವುದಿಲ್ಲ. ಕಣ್ಣೂ ನೆಲದ ಮೇಲೆ. ತೆರೆ ಬಂದು ಎಳೆದುಕೊಂಡು ಹೋದರೆ? ಅದಕ್ಕೆ ಅಬಚಿ ಒಂದು ಪದ್ಧತಿ ಮಾಡಿದ್ದಳು. ಬಟ್ಟೆ ಒಣಗಿಸುವ ನೀಲಿ ನೈಲಾನ್ ಹಗ್ಗದ ಒಂದು ತುದಿ ಅವಳ ಸೊಂಟಕ್ಕೆ, ಇನ್ನೊಂದು ತುದಿ ನನ್ನ ಕೈಗೆ. ನಾನು ಸಮುದ್ರಕ್ಕೆ ಮುಖ ಮಾಡಿ ಕೂತು ಅದರ ಮೇಲಿನ ಕಣ್ಣು ತೆಗೆಯಬಾರದು. ಮೆಲ್ಲಗೆ ಜಗ್ಗಿದರೆ ಹುಷಾರು ಎಂದು, ಜೋರಾಗಿ ಜಗ್ಗಿದರೆ ಓಡಿ ಬಾ ಎಂದು. “ಅಂಜಿಕಿ ಬಿಡಬ್ಯಾಡ ನಮ್ಮವ್ವಾ, ಅಂಜಕೋತನ ಕೂಡು,” ಎಂದು ಹೇಳಿ ಹೋಗುತ್ತಿದ್ದಳು. ಅದಕ್ಕೆ ಅವಳ ಅಪ್ಪಣೆ ಬೇಕಿರಲಿಲ್ಲ. ಹುಟ್ಟಿದಾಗಿನಿಂದ ಕೆರೆ ಬಾವಿ ಹೊಳೆ ಬಿಟ್ಟರೆ ಬೇರೆ ನೀರು ಕಾಣದ ನಾನು ಆ ಸದ್ದಿಗೇ ಹಗ್ಗವನ್ನು ಕೈಗೆ ಇನ್ನೆರಡು ಸುತ್ತು ಸುತ್ತಿಕೊಳ್ಳುತ್ತಿದ್ದೆ.

ಮೊದಲ ಸಲ ಹೋದಾಗಲೇ ಒಬ್ಬ ಪೊಲೀಸಿನವನು ಸೈಕಲ್ ತಳ್ಳಿಕೊಂಡು ಬಂದು, “ಕಾಯ್ ಶೋಧತಾಯ್, ಬಾಯಿ?” ಏನು ಹುಡುಕುತ್ತಿದ್ದೀರಿ ಎಂದ. ಅಬಚಿಯ ಬಾಯಿಗೆ ಬಂದದ್ದು, ಮಂಗಳಸೂತ್ರ ಕಳೆದಿದೆ ಎಂದು! ಆತ ಅವಳ ಬೋಳು ಕೊರಳು ನೋಡಿದ. ಅವಳು ಗಾಬರಿಯಿಂದ ನನ್ನ ಕಡೆ ಕೈ ತೋರಿಸಿದಳು. ನನಗೋ ಮದುವೆಯೇ ಆಗಿರಲಿಲ್ಲ. ಆದರೂ ಆ ಪುಣ್ಯಾತ್ಮ ನಂಬಿದ. ಮೀನುಗಾರರ ಕೇರಿಯಾದ ಕೋಳಿವಾಡೆಯ ಹೆಂಗಸರನ್ನೆಲ್ಲ ಕೂಗಿ ಕರೆದ. ಅವರು ಕೈಗೆ ಸಿಕ್ಕ ಜರಡಿ ಬುಟ್ಟಿಗಳೊಂದಿಗೆ ಬಂದು ಬಿಸಿಲಿನಲ್ಲಿ ಉಸುಕು ಸೋಸತೊಡಗಿದರು. ಆ ನಾಣ್ಯದ ಕೋಳಿಣಿ ಎಲ್ಲರಿಗಿಂತ ಹೆಚ್ಚು ದುಡಿದಳು. ಕೊನೆಗೆ ನನ್ನ ಗಲ್ಲ ಹಿಡಿದು, ಅಳಬೇಡ, ನಿನ್ನ ಗಂಡ ಬೈಯುವುದಿಲ್ಲ ಎಂದು ಸಮಾಧಾನ ಹೇಳಿದಳು. ನಾನು ಅಳುತ್ತಿದ್ದದ್ದು ಹೆದರಿಕೆಗೆ. ಅಬಚಿ ಬಸ್ಸಿನಲ್ಲಿ ಊಟವನ್ನೂ ಮುಟ್ಟಲಿಲ್ಲ. “ಸುಳ್ಳು ಹೇಳಿದೆ. ಅದೂ ಅಂಥಾ ಸುಳ್ಳು,” ಎಂದು ಹೇಳಿಕೊಳ್ಳುತ್ತಲೇ ಇದ್ದಳು.

ಇಷ್ಟಾದರೂ ಬಿಡಲಿಲ್ಲ. ಪ್ರತಿ ಮಳೆಗಾಲ ಕಳೆದ ಮೇಲೆ ಒಂದೆರಡು ಸಲ ಹೋಗುವುದು, ತುಕ್ಕು ಹಿಡಿದ ಮೊಳೆ, ಸೋಡಾ ಬಾಟಲಿಯ ಮುಚ್ಚಳ, ದೋಣಿಯ ಕೊಂಡಿಗಳನ್ನು ಅಗೆದು ತೆಗೆಯುವುದು. ನಾಣ್ಯ ಮಾತ್ರ ಇಲ್ಲ.

ಕೊನೆಯ ಸಲ ಹೋದದ್ದು ಚಳಿಗಾಲದಲ್ಲಿ. ಅಮಾವಾಸ್ಯೆ ಹತ್ತಿರವಿತ್ತು. ಅಮಾವಾಸ್ಯೆಗೆ ಹೊಸ್ತಿಲು ದಾಟುವುದುಂಟೇ? ಕಳೆಯಲಿ ಎಂದು ಕಾದು ಮರುದಿನ ಹೊರಟು, ಸಂಜೆ ಊರು ಮುಟ್ಟಿ, ದೇವಸ್ಥಾನದ ಪಡಸಾಲೆಯಲ್ಲಿ ಮಲಗಿದೆವು. ಬೆಳಿಗ್ಗೆ ಹೋಗಿ ನೋಡಿದರೆ ಸಮುದ್ರ ಎಂದೂ ಕಾಣದಷ್ಟು ಹಿಂದಕ್ಕೆ ಸರಿದಿತ್ತು. ದಂಡೆಯ ತುದಿಯಲ್ಲಿ ಅಲ್ಲೊಂದು ಖಾಡಿ ಇದೆ, ಹೊಳೆ ಬಂದು ಸಮುದ್ರ ಸೇರುವ ಬಾಯಿ. ಅದರಾಚೆ ನಾವು ಎಂದೂ ಹೋಗದ ಉದ್ದನೆಯ ಉಸುಕಿನ ದಿಬ್ಬ ಬಿಸಿಲಿಗೆ ಬೆಳ್ಳಗೆ ಬಿದ್ದಿತ್ತು. ಖಾಡಿಯಲ್ಲಿ ಪಾದ ಮುಳುಗುವಷ್ಟು ನೀರು.

ಅಬಚಿ ದಾಟುವ ಮುಂಚೆ ನಿಂತಳು. ಘಟ್ಟದ ಕಡೆ ಹಣೆಗೆ ಕೈ ಹಚ್ಚಿ ನೋಡಿದಳು. “ಮ್ಯಾಲೆ ಮುಗಿಲು ಸ್ವಚ್ಛ ಅದ. ಮಳಿಯಿಲ್ಲ. ಹಳ್ಳ ಬರೂದಿಲ್ಲ, ಬಾ.”

ನಾವು ಬಯಲುನಾಡಿನವರು. ನಮ್ಮಲ್ಲಿ ಹೊಳೆ ಏರುವುದು ಮೇಲೆ ಮಳೆಯಾದರೆ, ಇಲ್ಲದಿದ್ದರೆ ಇಲ್ಲ. ಲೆಕ್ಕ ಸರಿಯಾಗಿಯೇ ಇತ್ತು, ಊರು ಬೇರೆಯದಾಗಿತ್ತು ಅಷ್ಟೆ. ಖಾಡಿ ದಾಟಿ, ಚಪ್ಪಲಿಗಳನ್ನು ದಿಬ್ಬದ ಕಡೆಯ ದಡದಲ್ಲಿ ಬಿಟ್ಟು ಮೇಲೆ ಹೋದೆವು. ಅವಳು ಸೆರಗು ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು ಕೆಲಸಕ್ಕಿಳಿದಳು. ನಾನು ಹಗ್ಗ ಹಿಡಿದು ಸಮುದ್ರವನ್ನು ಕಾಯುತ್ತ ಕೂತೆ. ಆ ದಿನ ನಾನು ಕಾದಷ್ಟು ನಿಷ್ಠೆಯಿಂದ ಯಾರೂ ಸಮುದ್ರವನ್ನು ಕಾದಿರಲಾರರು. ಅದು ಮೆಲ್ಲಗೆ ಮುಂದೆ ಬರುತ್ತಿತ್ತು, ಆದರೆ ಇನ್ನೂ ದೂರವಿತ್ತು. ನಾನು ಧೈರ್ಯದಿಂದಲೇ ಇದ್ದೆ.

ಕುತ್ತಿಗೆ ನೋಯತೊಡಗಿ ಒಮ್ಮೆ ಹಿಂತಿರುಗಿ ನೋಡಿದೆ. ನನ್ನ ಚಪ್ಪಲಿಗಳು ತೇಲಿಕೊಂಡು ಹೋಗುತ್ತಿದ್ದವು. ಸಮುದ್ರದ ಕಡೆಗಲ್ಲ, ಘಟ್ಟದ ಕಡೆಗೆ. ಹೊಳೆ ಹಿಂದಕ್ಕೆ ಹರಿಯುತ್ತಿತ್ತು.

ನೀರು ಮೇಲಕ್ಕೆ ಹರಿಯುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಭೂಮಿಯೇ ಅಡಿಮೇಲಾಗಿದೆ ಅನ್ನಿಸಿತು. ಖಾಡಿ ಈಗ ಅಗಲವಾಗಿ, ಮಣ್ಣು ಬಣ್ಣಕ್ಕೆ ತಿರುಗಿ, ಸದ್ದಿಲ್ಲದೆ ಸರಸರ ಸಾಗುತ್ತಿತ್ತು. ಇಡೀ ಬಲ ಹಾಕಿ ಹಗ್ಗ ಜಗ್ಗಿದೆ. ಅಬಚಿ ಮುಗ್ಗರಿಸುತ್ತ ಓಡಿ ಬಂದು ನೋಡಿದಳು.

“ದಾಟಿಬಿಡೂಣು ಅಬಚಿ, ಲಗೂ ಬಾ!” ಎಂದು ನಾನು ನೀರಿಗೆ ಕಾಲಿಟ್ಟೆ. ಮೊಣಕಾಲವರೆಗೆ ಇಳಿದಿದ್ದೆನೋ ಇಲ್ಲವೋ, ಯಾರೋ ಒದ್ದ ಹಾಗೆ ಕಾಲು ಕಿತ್ತುಕೊಂಡು ಹೋಯಿತು. ಅಬಚಿ ಜಡೆ ಹಿಡಿದು ಎಳೆದಳು. ಅದೇ ಹೊತ್ತಿಗೆ ಆಚೆ ದಡದಿಂದ ಒಂದು ಹೆಣ್ಣು ದನಿ ಕೂಗಿತು. “ಉತರೂ ನಕಾ! ಪಾಣ್ಯಾತ್ ಉತರೂ ನಕಾ!” ನೀರಿಗಿಳಿಯಬೇಡಿ ಎಂದು. ಅದೇ ಕೋಳಿಣಿ. ಬುಟ್ಟಿ ಬಿಸಾಕಿ ಎರಡೂ ಕೈ ಬೀಸುತ್ತಿದ್ದಳು. ದೋಣಿಗಳೆಲ್ಲ ಮುಂಜಾನೆಯೇ ಸಮುದ್ರಕ್ಕೆ ಹೋಗಿದ್ದವು. ಅವಳಿಗೆ ಮಾಡಲು ಬೇರೇನೂ ಇರಲಿಲ್ಲ. “ವರ್ ಜಾ! ವರ್!” ಮೇಲೆ ಹೋಗಿ, ಮೇಲೆ, ಎಂದು ಕೂಗುತ್ತಲೇ ಇದ್ದಳು.

ಮೇಲೆ ಎಲ್ಲಿ? ದಿಬ್ಬವೆಲ್ಲ ಕಣ್ಣಿಗೆ ಒಂದೇ ಮಟ್ಟ. ಬಿಸಿಲಿಗೆ ಮೇಲ್ಪದರ ಒಣಗಿ ಎಲ್ಲ ಕಡೆಯೂ ಬೆಳ್ಳಗೇ ಇತ್ತು. ಎರಡೂ ಬದಿಯಿಂದ ನೀರು ಅಂಚನ್ನು ತಿನ್ನುತ್ತಿತ್ತು. ನಾನು ಜೋರಾಗಿ ಅಳುತ್ತಿದ್ದೆ. ಅಬಚಿ ಅಳಲಿಲ್ಲ. ಹೆಡ್‌ಫೋನನ್ನು ಮತ್ತೆ ತಲೆಗೆ ಏರಿಸಿಕೊಂಡಳು. ಇವಳಿಗೆ ಬುದ್ಧಿ ಕೆಟ್ಟಿತು ಎಂದುಕೊಂಡೆ.

“ನಿನ್ನೆ ಉಪ್ಪುನೀರು ಮುಟ್ಟಿದ ಉಸುಕು ಒಳಗ ಹಸೀನ ಇರತದ. ಅಲ್ಲಿ ಕೂಗತದ,” ಎಂದಳು. “ಕೂಗದ ಜಾಗ ಹುಡುಕೂಣು.”

ಅಷ್ಟು ವರ್ಷ ದನಿ ಏರುವ ಜಾಗವನ್ನು ಹುಡುಕಿದವಳು ಅಂದು ಏರದ ಜಾಗವನ್ನು ಹುಡುಕತೊಡಗಿದಳು. ಬಳೆಯನ್ನು ಉಸುಕಿಗೆ ತಾಗುವಂತೆ ಹಿಡಿದು, ಒಂದೊಂದೇ ಹೆಜ್ಜೆ. ನಾನು ಅವಳ ಸೆರಗು ಹಿಡಿದು ಹಿಂದೆ. ಒಂದು ಕಡೆ ಗಕ್ಕನೆ ನಿಂತಳು. ಬಳೆಯನ್ನು ಹಿಂದೆ ಮುಂದೆ ಆಡಿಸಿದಳು, ಮತ್ತೊಮ್ಮೆ ಆಡಿಸಿದಳು. ಅವಳ ಮುಖದಲ್ಲಿ ಏನೋ ಹಾದುಹೋಯಿತು. ಆಮೇಲೆ ತಲೆ ಕೊಡವಿ ಮುಂದೆ ನಡೆದಳು. ಕೊನೆಗೊಂದು ಕಡೆ, “ಇಲ್ಲಿ ಸುಮ್ಮ ಅದ. ಇಲ್ಲೇ ನಿಲ್ಲು,” ಎಂದು ನನ್ನ ಭುಜ ಒತ್ತಿ ನಿಲ್ಲಿಸಿದಳು. ಒಂದು ಚಾಪೆ ಹಾಸುವಷ್ಟು ಜಾಗ.

ಹಗ್ಗದ ನನ್ನ ತುದಿಯನ್ನು ತಾನೇ ನನ್ನ ಸೊಂಟಕ್ಕೆ ಬಿಗಿದಳು. ನಂತರ ಯಂತ್ರ ಹಿಡಿದು ನಾಲ್ಕು ಮಾರು ದೂರ ಹೋದಳು.

“ಎಲ್ಲಿ ಹೊಂಟಿ? ಇಲ್ಲೇ ಬಾ!”

“ಇಬ್ಬರ ಭಾರಕ್ಕ ಉಸುಕು ಕುಸೀತದ. ಇಲ್ಲೂ ಸುಮ್ಮ ಅದ, ಅಂಜಬ್ಯಾಡ.”

ದಿಬ್ಬದ ಅಂಚು ಹೋಳು ಹೋಳಾಗಿ ಕಳಚಿ ಬೀಳುವುದು ನನಗೂ ಕಾಣುತ್ತಿತ್ತು. ಒಪ್ಪಿಕೊಂಡೆ. ಇಬ್ಬರ ಭಾರಕ್ಕೆ ನಿಜವಾಗಿ ಕುಸಿಯುತ್ತಿತ್ತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಅವಳು ನಂಬಿದ್ದಳು.

ನೀರು ದಿಬ್ಬದ ಮೇಲೆ ಬಂತು. ಮೊದಲು ಅವಳ ಪಾದ ಮುಳುಗಿತು. ಅವಳ ಜಾಗ ಸುಮ್ಮನಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಬಾ ಎಂದು ಕೂಗಿದೆ, ಬೈದೆ, ಕೈಮುಗಿದೆ. “ಅಲುಗಬ್ಯಾಡ, ದಡಾ ಕುಸೀತದ,” ಎಂದಷ್ಟೇ ಹೇಳಿದಳು. ನೀರು ಮೀನಖಂಡಕ್ಕೆ ಬಂತು, ಮೊಣಕಾಲಿಗೆ ಬಂತು. ತೆರೆ ಬಂದಾಗ ಅವಳು ತೂಗಾಡುತ್ತಿದ್ದಳು. ಕೋಲನ್ನು ಉಸುಕಿಗೆ ಊರಿ, ಒಂದು ಕೈಯಲ್ಲಿ ಹಗ್ಗ ಹಿಡಿದು, ಸೆಟೆದು ನಿಂತಿದ್ದಳು. ಆ ಹಗ್ಗ ಇದೆಯಲ್ಲ ಎಂಬುದೊಂದೇ ನನಗೆ ಧೈರ್ಯ. ಅವಳು ಬಿದ್ದರೆ ಎಳೆಯುತ್ತೇನೆ, ಎಳೆಯಲಾಗದಿದ್ದರೆ ಜೊತೆಗೇ ಹೋಗುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

“ಏ ಹುಡುಗಿ,” ಎಂದಳು ನಡುವೆ. “ಸ್ಟೋ ಆರಿಸೀನಲ್ಲ?”

“ಆರಿಸೀದಿ ಅಬಚಿ.”

“ಬೀಗಾ?”

“ಜಗ್ಗಿ ನೋಡೀದಿ.”

“ಹಂಗಾರ ಸರಿ.”

ನನ್ನ ಕಾಲ ಬೆರಳಿಗೆ ನೀರು ತಾಗಿದ್ದು ನೆನಪಿದೆ. ಉಗುರು ನೆನೆದು ಹಿಂದೆ ಸರಿಯಿತು, ಮತ್ತೆ ಬಂತು, ಮತ್ತೆ ಸರಿಯಿತು. ಎಷ್ಟು ಹೊತ್ತು ಹಾಗೆ ಹೋಯಿತೋ. ಒಮ್ಮೆ ಕಣ್ಣು ಬಿಟ್ಟು ನೋಡಿದರೆ ಅವಳ ಮೊಣಕಾಲು ಕಾಣುತ್ತಿತ್ತು. ಆಮೇಲೆ ಮೀನಖಂಡ. ಆಚೆ ದಡದಲ್ಲಿ ಕೋಳಿಣಿ ಕುಕ್ಕರುಗಾಲಿನಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ನೀರು ಪಾದಕ್ಕಿಳಿದಾಗ ಅವಳನ್ನು ನನ್ನ ಕಡೆ ಎಳೆದುಕೊಳ್ಳಲೆಂದು ಹಗ್ಗ ಜಗ್ಗಿದೆ. ಹಗ್ಗ ಹಗುರವಾಗಿ ನನ್ನ ಕೈಗೆ ಬಂದುಬಿಟ್ಟಿತು. ತುದಿಯಲ್ಲಿ ಗಂಟೇ ಇರಲಿಲ್ಲ. ನನ್ನ ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿದವಳು ತನ್ನ ತುದಿಯನ್ನು ಬಿಚ್ಚಿ, ನನಗೆ ಕಾಣದಂತೆ ಬರೀ ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದಳು.

ಓಡಿ ಹೋಗಿ ಅವಳ ತೋಳು ಹಿಡಿದು ಅಲುಗಾಡಿಸಿದೆ. “ಯಾಕ ಬಿಚ್ಚಿದಿ? ಯಾಕ?”

“ಅಂಜಿಕಿ ಬಂತು ನಮ್ಮವ್ವಾ,” ಎಂದಳು. ಹಲ್ಲುಗಳು ಕಟಕಟ ಎನ್ನುತ್ತಿದ್ದವು. “ಬಿದ್ದರ ನಿನ್ನೂ ಎಳಕೊಂಡು ಹೋಗತೀನೇನೋ ಅಂತ ಭಾಳ ಅಂಜಿಕಿ ಬಂತು.”

ನೀರು ಪೂರ್ತಿ ಇಳಿದ ಮೇಲೆ ಕೋಳಿಣಿ ಬಂದು ನಮ್ಮಿಬ್ಬರನ್ನೂ ಕೈಹಿಡಿದು ದಾಟಿಸಿ, ಮನೆಗೆ ಕರೆದೊಯ್ದು ಬಿಸಿ ಗಂಜಿ ಕೊಟ್ಟಳು. ಉದ್ದಕ್ಕೂ ಬೈಗುಳ. ಅಮಾವಾಸ್ಯೆ ಕಳೆದ ಎರಡು ದಿನಕ್ಕೇ ಸಮುದ್ರ ಎಲ್ಲಕ್ಕಿಂತ ಹೆಚ್ಚು ಏರುತ್ತದೆ, ಕೂಸುಗಳಿಗೂ ಗೊತ್ತು! ಏರುವ ನೀರು ಮೊದಲು ನುಗ್ಗುವುದೇ ಖಾಡಿಗೆ, ಅದನ್ನು ಬಿಟ್ಟು ಸಮುದ್ರವನ್ನು ಕಾಯುತ್ತಾರೆಯೇ ಯಾರಾದರೂ? ಬೈದು ಮುಗಿದ ಮೇಲೆ ನನ್ನ ಕೊರಳು ನೋಡಿ, ಇನ್ನೂ ಸಿಕ್ಕಿಲ್ಲವೇ ಮಂಗಳಸೂತ್ರ ಎಂದು ಕೇಳಿದಳು. ಅಬಚಿ ಗಂಜಿಯ ಬಟ್ಟಲು ಕೆಳಗಿಟ್ಟು ಅವಳ ಕಾಲು ಹಿಡಿದುಕೊಂಡು, ಹರಕು ಮರಾಠಿಯಲ್ಲಿ ನಿಜ ಹೇಳಿಬಿಟ್ಟಳು. ಆ ಹೆಂಗಸು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಬಸ್ಸಿನಲ್ಲಿ ನಾನು ಕೇಳಿದೆ, ನಡುವೆ ಒಂದು ಕಡೆ ಯಾಕೆ ನಿಂತೆ ಎಂದು. ಅಬಚಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಘಟ್ಟದ ತಿರುವಿನಲ್ಲೂ ಕಣ್ಣು ಮುಚ್ಚಲಿಲ್ಲ.

“ಅದು ಮೊಳಿ ದನಿಯಲ್ಲ. ಭಾಳ ಸಣ್ಣಗ, ಎತ್ತರಕ್ಕ ಹೋತು. ಅಂಥಾ ದನಿ ನಾ ಕೇಳಿದ್ದಿಲ್ಲ.” ಬೆರಳಿನ ಗೀರನ್ನು ಸವರಿಕೊಂಡು, “ಹಾಡಿತಲ್ಲ, ಸಾಕು,” ಎಂದಳು.

ಮತ್ತೆ ನಾವು ಸಮುದ್ರಕ್ಕೆ ಹೋಗಲಿಲ್ಲ. ನನಗೆ ಮದುವೆಯಾಯಿತು, ಪಿಂಪರಿಯ ಕಡೆ ಮನೆ ಮಾಡಿದೆವು, ಮಗಳು ಹುಟ್ಟಿದಳು. ಅವಳು ಬೀದಿ ದಾಟುವಾಗ, ಜ್ವರ ಬಂದಾಗ, ಸಂಜೆ ಬರುವುದು ತಡವಾದಾಗ ನನಗೆ ಆಗುವ ಅಂಜಿಕೆ ನೋಡಿ ಗಂಡ ಗೇಲಿ ಮಾಡುತ್ತಾರೆ. ಮಾಡಲಿ. ಅಂಜುಬುರುಕರನ್ನು ಕಂಡು ನಗುವುದನ್ನು ನಾನು ಆ ದಿಬ್ಬದ ಮೇಲೆ ಬಿಟ್ಟು ಬಂದಿದ್ದೇನೆ.

ಎಂಬತ್ತರ ದಶಕದ ನಡುವೆ ಅಬಚಿ ಹೃದಯದ ಬೇನೆಯಿಂದ ಆಸ್ಪತ್ರೆ ಸೇರಿದಳು. ಅಲ್ಲಿಯೂ ಅದೇ ರಾಗ. ನಾನು ಊಟದ ಡಬ್ಬಿ ತೆಗೆದುಕೊಂಡು ಹೋಗಿ ಕೂತ ಅರ್ಧ ಗಂಟೆಗೇ, “ಹೋಗು ಹೋಗು, ಗಾಡಿ ಭಾಳ ಓಡಾಡತಾವ, ಬೆಳಕಿರೂದರಾಗ ಮನಿ ಮುಟ್ಟು. ಕೂಸು ಮನ್ಯಾಗ ಒಂದ ಅದ,” ಎಂದು ಓಡಿಸುತ್ತಿದ್ದಳು. ಮುಟ್ಟಿದ ಸುದ್ದಿ ಪಕ್ಕದವರ ಫೋನಿನಿಂದ ಆಸ್ಪತ್ರೆಗೆ ತಿಳಿಸುವವರೆಗೆ ನಿದ್ದೆ ಮಾಡುತ್ತಿರಲಿಲ್ಲವಂತೆ.

ಒಂದು ದಿನ ಮಧ್ಯಾಹ್ನ ನಾನೇ ಎದ್ದು, ಹೊರಡಲೇ ಎಂದೆ. ಅವಳು ಎಂದಿನಂತೆ ಹೋಗು ಎನ್ನಲಿಲ್ಲ. ಹೊದಿಕೆಯೊಳಗಿಂದ ಕೈ ಹೊರಗೆ ತೆಗೆದಳು.

“ಇವತ್ತ ಹೋಗಬ್ಯಾಡ. ನನಗ ಅಂಜಿಕಿ ಆಗೇದ.”

ಇಷ್ಟು ವರ್ಷ ನಮ್ಮೆಲ್ಲರ ಸಲುವಾಗಿ ಹೆದರಿದವಳು ತನ್ನ ಸಲುವಾಗಿ ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹಾಸಿಗೆಯ ಮೇಲೆ ಕೂತು ಆ ಕೈ ಹಿಡಿದುಕೊಂಡೆ. ಸಂಜೆ ದೀಪ ಹಾಕುವ ಹೊತ್ತಿಗೆ ಅದು ತಣ್ಣಗಾಯಿತು. ನಾನು ಬಿಡಲಿಲ್ಲ. ನರ್ಸು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.